ಮೊದಲೇ ಬರೆದಿಟ್ಟ ಉತ್ತರಗಳು

ಕಾಪು ಪೇಟೆಯ ಆ ಹಲ್ಲಿನ ಕ್ಲಿನಿಕ್ಕಿಗೆ ಊಟದ ನಂತರದ ಒಂದು ಗಂಟೆ ಯಾರೂ ಬರುವುದಿಲ್ಲ. ಆ ಹೊತ್ತಿನಲ್ಲಿ ಅಕ್ಷಿತಾ ಫಾರ್ಮುಗಳನ್ನು ಸಿದ್ಧ ಮಾಡಿಡುತ್ತಿದ್ದಳು. ಹಲ್ಲು ಸ್ವಚ್ಛ ಮಾಡುವ ಮೊದಲು ರೋಗಿಯನ್ನು ಕೇಳಬೇಕಾದ ಏಳು ಪ್ರಶ್ನೆಗಳು ಆ ಹಾಳೆಯಲ್ಲಿ ಅಚ್ಚಾಗಿದ್ದವು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಹೃದಯದ ಶಸ್ತ್ರಚಿಕಿತ್ಸೆ ಆಗಿದೆಯೇ, ಹೀಗೆ. ಏಳರ ಮುಂದೆಯೂ ಅವಳು ಮೊದಲೇ ‘ಇಲ್ಲ’ ಎಂದು ಬರೆದಿಡುತ್ತಿದ್ದಳು. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಹಾಳೆ. ರೋಗಿ ಬಂದಾಗ ಹೆಸರು, ವಯಸ್ಸು, ತಾರೀಕು ತುಂಬಿಸಿ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು.

ಅಕ್ಷಿತಾ ಕೆಟ್ಟವಳಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಎರಡು ವರ್ಷ ಓದಿ, ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ, ಹಲ್ಲು ಶುಚಿ ಮಾಡುವ ಹೈಜಿನಿಸ್ಟ್ ಅವಳು. ಎರ್ಮಾಳಿನಿಂದ ಬೆಳಗಿನ ಬಸ್ಸು ಹಿಡಿದು ಬಂದರೆ ಸಂಜೆಯವರೆಗೆ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿರುತ್ತಿರಲಿಲ್ಲ. ಅವಳ ಕೈ ಹಗುರ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಅಷ್ಟು ಜನರನ್ನು ಸುಧಾರಿಸಬೇಕಾದರೆ ಏಳು ಪ್ರಶ್ನೆ ಕೇಳುತ್ತಾ ಕೂರುವುದು ಹೇಗೆ? ಹತ್ತರಲ್ಲಿ ಒಂಬತ್ತು ಮಂದಿಯ ಉತ್ತರ ‘ಇಲ್ಲ’ವೇ ಆಗಿರುತ್ತಿತ್ತು. ಹತ್ತನೆಯವನು ತಾನಾಗಿಯೇ ಹೇಳುತ್ತಾನೆ ಎಂದು ಅವಳು ನಂಬಿದ್ದಳು. ಡಾಕ್ಟರ್ ಲೂಯಿಸ್ ಕೂಡ ಹಾಗೆಯೇ ನಂಬಿದ್ದರು. ಮಂಗಳವಾರ ಮತ್ತು ಶುಕ್ರವಾರ ಅವರು ಕಾರ್ಕಳದ ತಮ್ಮ ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ಕಾಪುವಿನಲ್ಲಿ ಅವಳೊಬ್ಬಳೇ. ಡಾಕ್ಟರು ಇಲ್ಲದೆ ಹೈಜಿನಿಸ್ಟ್ ರೋಗಿಯ ಬಾಯಿಗೆ ಕೈಹಾಕಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಕೆಲಸ ಮುಗಿಸಿಡುತ್ತಿದ್ದಳು, ಸಂಜೆ ಬಂದು ಅವರು ಫಾರ್ಮುಗಳಿಗೆಲ್ಲ ಒಟ್ಟಿಗೆ ಸಹಿ ಹಾಕುತ್ತಿದ್ದರು.

ಸೆಪ್ಟೆಂಬರಿನ ಅಂಥದೊಂದು ಮಂಗಳವಾರ ಬದ್ರುದ್ದೀನ್ ಬಂದರು. ಅರವತ್ತೆರಡು ವರ್ಷ. ಇಪ್ಪತ್ತು ವರ್ಷ ಸೌದಿಯ ದಮ್ಮಾಮಿನಲ್ಲಿ ದುಡಿದು ಬಂದು ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವರು. ಕುರ್ಚಿಯಲ್ಲಿ ಕೂತವರೇ, “ನಿನ್ನ ಕಾಲಿನ ಚಪ್ಪಲಿ ನಮ್ಮ ಅಂಗಡಿಯದ್ದಲ್ಲ ಮಾರಾಯ್ತಿ, ಅದಕ್ಕೇ ಹಾಗೆ ಸವೆದಿದ್ದು” ಎಂದು ಅವಳನ್ನು ನಗಿಸಿದರು. ಅವಳು ಹಾಳೆಯಲ್ಲಿ ಹೆಸರು ಬರೆದು, ಸಹಿ ಹಾಕುವ ಜಾಗವನ್ನು ಬೆರಳಿನಿಂದ ತೋರಿಸಿದಳು. ಅವರು ಕನ್ನಡಕ ತೆಗೆದಿಟ್ಟಿದ್ದರು, ತೋರಿಸಿದಲ್ಲಿ ಸಹಿ ಹಾಕಿದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು, “ಮದುಮಗನ ಹಾಗೆ ಆಯ್ತಲ್ಲ” ಎಂದು ಹೇಳಿ ಹೋದರು.

ಎರಡು ವಾರ ಕಳೆದು ಅವರಿಗೆ ಜ್ವರ ಬಂತು. ಊರಿನಲ್ಲೆಲ್ಲ ಜ್ವರವೇ ಇದ್ದ ಕಾಲ, ಮಲೇರಿಯಾ ಇರಬಹುದೆಂದು ಮದ್ದು ಮಾಡಿದರು. ಇಳಿಯಿತು, ಮತ್ತೆ ಏರಿತು. ಉಡುಪಿಯ ಆಸ್ಪತ್ರೆಗೆ ಸೇರಿಸುವಾಗ ತಿಂಗಳು ಕಳೆದಿತ್ತು. ಆರು ವರ್ಷಗಳ ಹಿಂದೆ ಅವರ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ಆ ಕವಾಟದ ಮೇಲೆ ಸೋಂಕು ಕೂತಿದೆ ಎಂದು ಅಲ್ಲಿನ ವೈದ್ಯರು ಕಂಡುಹಿಡಿದರು. ನವೆಂಬರಿನ ಎರಡನೆಯ ವಾರ ಬದ್ರುದ್ದೀನ್ ತೀರಿಕೊಂಡರು.

ನಾಲ್ಕು ದಿನ ಕಳೆದು ಅವರ ಮಗ ಅಶ್ರಫ್ ಕ್ಲಿನಿಕ್ಕಿಗೆ ಬಂದ. ಡಾಕ್ಟರು ಇದ್ದರು. ಅಕ್ಷಿತಾ ಪಕ್ಕದಲ್ಲಿ ಉಪಕರಣಗಳನ್ನು ಒರೆಸುತ್ತಿದ್ದಳು.

“ಆಸ್ಪತ್ರೆಯವರು ಕೇಳಿದ್ರು, ಇತ್ತೀಚೆಗೆ ಹಲ್ಲು ಕ್ಲೀನ್ ಮಾಡಿಸಿದ್ದುಂಟಾ ಅಂತ,” ಎಂದ ಅಶ್ರಫ್. “ವಾಲ್ವ್ ಹಾಕಿದವರಿಗೆ ಅದಕ್ಕೆ ಮೊದಲೇ ಒಂದು ಮಾತ್ರೆ ಕೊಡಬೇಕಂತೆ. ನೀವು ಕೊಟ್ಟಿದ್ರಾ ಡಾಕ್ಟ್ರೇ?”

ಲೂಯಿಸ್ ಫೈಲು ತೆಗೆದರು. ಹಾಳೆ ನೋಡುತ್ತಿದ್ದಂತೆ ಅವರ ಮುಖದ ಬಿಗಿ ಸಡಿಲಾದದ್ದು ಅಕ್ಷಿತಾಳಿಗೆ ಕಾಣಿಸಿತು. “ನೋಡಿ,” ಎಂದು ಅವರು ಹಾಳೆಯನ್ನು ಅಶ್ರಫನ ಕಡೆ ತಿರುಗಿಸಿದರು. “ಹೃದಯದ ಆಪರೇಷನ್ ಆಗಿದೆಯಾ ಅಂತ ಕೇಳಿದ್ದೇವೆ. ಇಲ್ಲ ಅಂತ ಹೇಳಿದ್ದಾರೆ. ಕೆಳಗೆ ಅವರದ್ದೇ ಸಹಿ ಉಂಟು. ರೋಗಿ ಹೇಳದಿದ್ರೆ ನಮಗೆ ಹೇಗೆ ಗೊತ್ತಾಗ್ತದೆ?”

ಅಶ್ರಫ್ ಹಾಳೆಯನ್ನು ಎರಡು ಸಲ ಓದಿದ. ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡ. “ತಂದೆಗೆ ಇಂಥದ್ದೆಲ್ಲ ಅಸಡ್ಡೆ. ಅದಕ್ಕೇ ತಾಯಿಗೆ ಹೇಳಿದ್ದೆ, ಜೊತೆಗೆ ಹೋಗಿ, ವಾಲ್ವಿನ ಕಾರ್ಡು ತೋರಿಸಿ ಅಂತ. ತಾಯಿ ಹೋಗಲಿಲ್ಲ. ಮನೆಯಲ್ಲಿ ಕೂತರು” ಎಂದ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಅವನಿಗೆ ಈಗ ಗೊತ್ತಾಗಿತ್ತು.

ಅಕ್ಷಿತಾ ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಅವನು ಮೆಟ್ಟಿಲಿಳಿದು ಹೋಗುವ ತನಕವೂ ಸಮಯವಿತ್ತು.

ಅವನು ಹೋದ ಮೇಲೆ ಅವಳು ಹೇಳಿದಳು, “ಸರ್, ನಾನು ಅವರನ್ನು ಕೇಳಿರ್ಲಿಲ್ಲ.”

“ಗೊತ್ತುಂಟು.” ಲೂಯಿಸ್ ಫೈಲು ಮುಚ್ಚಿದರು. “ನಾನೂ ಇರ್ಲಿಲ್ಲ. ಹಾಗಾದ್ರೆ ಈಗ ಎಂತ ಮಾಡುವುದು ಹೇಳು? ಹೇಳಿದ್ರೆ ಅವರು ಎದ್ದು ಬರ್ತಾರಾ? ನಿನ್ನ ಹೆಸರು ಹೋಗ್ತದೆ, ನನ್ನದೂ ಹೋಗ್ತದೆ. ಎರಡು ಕ್ಲಿನಿಕ್ಕಿಗೂ ಬೀಗ. ನಿನ್ನ ಅಮ್ಮ ನಿನ್ನ ಸಂಬಳವನ್ನೇ ನೋಡಿಕೊಂಡು ಇರುವುದಲ್ವಾ? ಇನ್ನು ಮುಂದೆ ಸರಿಯಾಗಿ ಕೇಳುವ. ಎಲ್ಲರನ್ನೂ ಕೇಳುವ. ಅಷ್ಟು ಸಾಕು.”

ಈ ಮಾತಿನಲ್ಲಿ ಅವರು ಸುಳ್ಳು ಹೇಳುತ್ತಿರಲಿಲ್ಲ. ಮರುದಿನದಿಂದ ಅವರು ಪ್ರತಿ ರೋಗಿಯನ್ನೂ ತಾವೇ ಕೇಳತೊಡಗಿದರು. ಅಕ್ಷಿತಾಳೂ ಬರೆದಿಟ್ಟ ಹಾಳೆಗಳನ್ನೆಲ್ಲ ಹರಿದು ಹಾಕಿದಳು. ಒಂದನ್ನು ಬಿಟ್ಟು. ಅದು ಫೈಲಿನಲ್ಲಿ ಭದ್ರವಾಗಿತ್ತು, ಇಬ್ಬರನ್ನೂ ಕಾಯುತ್ತಿತ್ತು.

ಡಿಸೆಂಬರ್ ಬಂತು. ನೋಂದಣಿ ನವೀಕರಣಕ್ಕೆ ಅರ್ಜಿ ಹಾಕುವ ತಿಂಗಳು. ಅದರೊಂದಿಗೆ ತರಬೇತಿ ತರಗತಿಗೆ ಹಾಜರಾದ ಪ್ರಮಾಣಪತ್ರವನ್ನೂ ಕೊಡಬೇಕು. ಹೈಜಿನಿಸ್ಟುಗಳ ನಡುವೆ ಅದಕ್ಕೊಂದು ಏರ್ಪಾಡಿತ್ತು. ಐದು ಜನ ಗೆಳತಿಯರಲ್ಲಿ ಪ್ರತಿ ಸಲ ಒಬ್ಬಳು ಹೋಗಿ ಉಳಿದ ನಾಲ್ವರ ಸಹಿಯನ್ನೂ ಹಾಕಿ ಬರುವುದು. ಜುಲೈಯಲ್ಲಿ ಮಣಿಪಾಲದ ಒಂದು ಸಭಾಂಗಣದಲ್ಲಿ ನಡೆದ ತರಗತಿಗೆ ಲೊರ್ನಾ ಹೋಗಿದ್ದಳು. ಅಕ್ಷಿತಾ ಆ ದಿನ ಪೆರ್ಡೂರಿನಲ್ಲಿ ಚಿಕ್ಕಮ್ಮನ ಮಗಳ ಮದುವೆಯಲ್ಲಿದ್ದಳು.

ಉಡುಪಿಯ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಲೊರ್ನಾ ಪ್ರಮಾಣಪತ್ರವನ್ನು ಅವಳ ಕೈಗಿಟ್ಟಳು. ಅಕ್ಷಿತಾ ಅದನ್ನು ಓದಿದಳು. ‘ಚಿಕಿತ್ಸೆಗೆ ಮೊದಲು ರೋಗಿಯ ಆರೋಗ್ಯ ವಿಚಾರಣೆ’ ಎಂಬ ವಿಷಯದ ತರಗತಿಗೆ ಇವರು ಪೂರ್ಣ ಹಾಜರಿದ್ದರು ಎಂದು ಅದರಲ್ಲಿತ್ತು.

“ಎಂತ ಹೇಳಿಕೊಟ್ರು ಆ ದಿನ?” ಎಂದು ಕೇಳಿದಳು.

“ಎಂತ ಹೊಸತು? ನಾವು ಕಾಲೇಜಿನಲ್ಲಿ ಓದಿದ್ದೇ. ಹಾರ್ಟ್ ಆಪರೇಷನ್ ಆದವರಿಗೆ ಮೊದಲೇ ಮಾತ್ರೆ ಕೊಡಿ, ಕೇಳದೆ ಶುರು ಮಾಡಬೇಡಿ. ಬೆಳಿಗ್ಗೆ ಪೂರ್ತಿ ಅದೇ. ಒಬ್ಬರು ಬಂದು ಅವರ ಕ್ಲಿನಿಕ್ಕಿನಲ್ಲಿ ಕೇಳದೆ ಒಬ್ಬ ರೋಗಿ ಸತ್ತ ಕಥೆ ಹೇಳಿ ಅತ್ತೇ ಬಿಟ್ರು. ಊಟ ಮಾತ್ರ ಒಳ್ಳೇದಿತ್ತು.” ಲೊರ್ನಾ ಅವಳ ಮುಖ ನೋಡಿ ನಿಲ್ಲಿಸಿದಳು. “ಎಂತಾಯ್ತು ಮಾರಾಯ್ತಿ?”

ಅಕ್ಷಿತಾ ಎಲ್ಲ ಹೇಳಿದಳು. ಲೊರ್ನಾ ಚಹಾದ ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ತಗ್ಗಿದ ಸ್ವರದಲ್ಲಿ, “ನೋಡು, ಈ ಸರ್ಟಿಫಿಕೇಟಿನ ವಿಷಯ ಬಾಯಿ ಬಿಡಬೇಡ. ನಿಮ್ಮ ನಾಲ್ವರ ಸಹಿಯನ್ನೂ ನಾನೇ ಹಾಕಿದ್ದೇನೆ. ನನಗೆ ಎರಡು ಮಕ್ಕಳುಂಟು. ನೀನು ಹೋಗಿದ್ರೂ ಆ ಫಾರ್ಮಿನಲ್ಲಿ ಹಾಗೆಯೇ ಬರೀತಿದ್ದಿ, ನಾನೂ ಹಾಗೆಯೇ ಬರೆಯುವುದು, ಎಲ್ಲರೂ ಹಾಗೆಯೇ” ಎಂದಳು.

ಇರಬಹುದು. ಅಕ್ಷಿತಾಳಿಗೂ ಹಾಗೆಯೇ ಅನ್ನಿಸಿತು. ಆದರೆ ಆ ಸಭಾಂಗಣದಲ್ಲಿ ಅತ್ತವರ ಮುಖವನ್ನು ತಾನು ನೋಡಿದ್ದರೆ ಬಹುಶಃ ಆ ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದೆ ಎಂಬ ಯೋಚನೆ ಬಸ್ಸು ಕಾಪು ದಾಟುವ ತನಕ ಅವಳನ್ನು ಬಿಡಲಿಲ್ಲ.

ಅರ್ಜಿಯನ್ನು ಫೋನಿನಲ್ಲಿಯೇ ತುಂಬಿಸುವುದು. ಹೆಸರು, ನೋಂದಣಿ ಸಂಖ್ಯೆ, ಭಾವಚಿತ್ರ ಎಲ್ಲ ಆಯಿತು. ಪ್ರಮಾಣಪತ್ರ ಸೇರಿಸುವ ಜಾಗಕ್ಕೆ ಬಂದು ಅವಳು ನಿಲ್ಲಿಸಿದಳು. ಮೂರು ದಿನ ಅರ್ಜಿ ಅಲ್ಲಿಯೇ ನಿಂತಿತ್ತು. ತಾಯಿ ಕುಶಲಾ, “ಅರ್ಜಿ ಹಾಕಿದ್ಯಾ ಮಗಾ? ಕಡೆಯ ದಿನ ಬಂತಲ್ಲ” ಎಂದು ಎರಡು ಸಲ ನೆನಪಿಸಿದರು. ನಾಲ್ಕನೆಯ ದಿನ ಕ್ಲಿನಿಕ್ಕಿಗೆ ರಜೆ ಹೇಳಿ ಅವಳು ಬದ್ರುದ್ದೀನರ ಮನೆಗೆ ಹೋದಳು.

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇರುವ ಇದ್ದತ್‌ನಲ್ಲಿದ್ದರು ಅವರ ಹೆಂಡತಿ ಆಸ್ಯಾ. ಹೆಂಗಸೆಂದು ಅಕ್ಷಿತಾಳನ್ನು ಒಳಕೋಣೆಗೇ ಕರೆದರು. ಬಿಳಿಯ ದುಪಟ್ಟಾದೊಳಗೆ ಸಣ್ಣ ಮುಖ. ಕ್ಲಿನಿಕ್ಕಿನವಳು ಎಂದು ತಿಳಿದಾಗ ಅವರು ಸಿಟ್ಟಾಗಲಿಲ್ಲ, ಬದಲಿಗೆ ಅವಳ ಕೈಯನ್ನೇ ಹಿಡಿದುಕೊಂಡರು. ಅಕ್ಷಿತಾಳಿಗೆ ಅದನ್ನು ತಾಳಲಾಗಲಿಲ್ಲ.

“ನೀನು ಅವರನ್ನು ಹತ್ತಿರದಿಂದ ಕಂಡವಳು ಮಗಳೇ, ನೀನಾದ್ರೂ ಹೇಳು. ಅವರು ಯಾಕೆ ಇಲ್ಲ ಅಂದ್ರು? ಕಾರ್ಡು ಅಂಗಿಯ ಕಿಸೆಯಲ್ಲೇ ಇತ್ತು. ನಾನೇ ಹಾಕಿ ಕಳಿಸಿದ್ದು. ಬಂದ ಮೇಲೆ ಕೇಳಿದೆ, ತೋರಿಸಿದ್ರಾ ಅಂತ. ‘ಅವರು ಕೇಳಲಿಲ್ಲ, ಬೇಕಿದ್ರೆ ಕೇಳ್ತಿದ್ರು, ಕಲಿತವರಲ್ವಾ’ ಅಂದ್ರು. ಅದನ್ನು ಅಶ್ರಫನ ಹತ್ರ ಹೇಳಿದ್ರೆ ಅವನು ನಂಬುವುದಿಲ್ಲ. ಫೋನು ತೆಗೆದು ಆ ಕಾಗದ ತೋರಿಸ್ತಾನೆ. ಸುಳ್ಳು ಹೇಳಿ ನಿಮ್ಮ ತಪ್ಪು ಮುಚ್ಚಬೇಡಿ ಅಂತಾನೆ. ಆ ದಿನದಿಂದ ನನ್ನ ಹತ್ರ ಒಂದು ಮಾತಿಲ್ಲ. ನಾನು ಬಡಿಸಿದ್ದನ್ನು ಉಣ್ಣುವುದೂ ಇಲ್ಲ. ಆ ದಿನ ನನಗೆ ಕಾಲು ನೋವಿತ್ತು, ಹೋಗಲಿಲ್ಲ. ಹೋಗಿದ್ರೆ...”

“ನೀವು ಬಂದಿದ್ರೂ ನಾನು ಕೇಳ್ತಿರ್ಲಿಲ್ಲ ಆಸ್ಯಮ್ಮ,” ಎಂದಳು ಅಕ್ಷಿತಾ.

ಆಸ್ಯಾ ಅವಳನ್ನೇ ನೋಡಿದರು.

“ಆ ಕಾಗದದಲ್ಲಿ ‘ಇಲ್ಲ’ ಅಂತ ಬರೆದದ್ದು ನಾನು. ಅವರು ಬರುವ ಮೊದಲೇ ಬರೆದಿಟ್ಟಿದ್ದೆ, ಎಲ್ಲರಿಗೂ ಹಾಗೆಯೇ ಮಾಡ್ತಿದ್ದೆ. ಅವರನ್ನು ಒಂದು ಪ್ರಶ್ನೆಯೂ ಕೇಳಿಲ್ಲ. ಎಂತ ಬರೆದಿದೆ ಅಂತ ಅವರಿಗೆ ಗೊತ್ತೂ ಇರ್ಲಿಲ್ಲ, ಕನ್ನಡಕ ತೆಗೆದಿಟ್ಟಿದ್ರು. ಸಹಿ ಎಲ್ಲಿ ಅಂತ ನಾನೇ ತೋರಿಸಿದ್ದು. ಡಾಕ್ಟ್ರು ಆ ದಿನ ಊರಲ್ಲಿರ್ಲಿಲ್ಲ. ಕೇಳಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ.”

ಆಸ್ಯಾ ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಟ್ಟರು. ಅಂಗಳದಲ್ಲಿ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು.

“ಅವರು ಸುಳ್ಳು ಹೇಳಿರ್ಲಿಲ್ಲ,” ಎಂದರು ಆಸ್ಯಾ ಕೊನೆಗೆ, ತಮ್ಮಷ್ಟಕ್ಕೆ. ಆಮೇಲೆ ಅವಳ ಕಡೆ ತಿರುಗಿದರು. “ನಿನ್ನನ್ನು ಕ್ಷಮಿಸ್ಲಿಕ್ಕೆ ನನಗೆ ಆಗುವುದಿಲ್ಲ ಮಗಳೇ. ಈಗ ಆಗುವುದಿಲ್ಲ. ಮುಂದೆ ಆಗ್ತದಾ, ಅದೂ ಗೊತ್ತಿಲ್ಲ. ಆದ್ರೆ ಎದ್ದು ಹೋಗಬೇಡ. ಅಶ್ರಫ್ ಅಂಗಡಿಯಿಂದ ಊಟಕ್ಕೆ ಬರ್ಲಿ. ಇದನ್ನೇ ಇನ್ನೊಮ್ಮೆ ಅವನೆದುರು ಹೇಳು.”

ಅಕ್ಷಿತಾ ಕಾದಳು. ಅಶ್ರಫ್ ಬಂದಾಗ ಮೊದಲಿನಿಂದ ಹೇಳಿದಳು. ಒಂದನ್ನೂ ಬಿಡಲಿಲ್ಲ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಹೊಡೆಯುತ್ತಾನೆ ಎಂದುಕೊಂಡಳು. ಅವನು ಹೊಡೆಯಲಿಲ್ಲ.

“ಇದನ್ನು ಬರೆದು ಕೊಡ್ತೀರಾ?” ಎಂದು ಕೇಳಿದ. “ನಿಮ್ಮ ಪರಿಷತ್ತಿಗೆ? ಪೊಲೀಸರಿಗೆ?”

“ಕೊಡ್ತೇನೆ. ಒಂದು ಕಾಗದ ಕೊಡಿ.”

“ಬರೆದ್ರೆ ನಿಮ್ಮ ಕೆಲಸ ಹೋಗ್ತದೆ.”

“ಹೋಗ್ತದೆ,” ಎಂದಳು ಅವಳು.

ಅವನು ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯ ಹಾಳೆ ಹರಿದು, ಪೆನ್ನಿನ ಜೊತೆ ಕೊಟ್ಟ. ಅಕ್ಷಿತಾ ನೆಲದ ಮೇಲೆ ಕೂತು ಬರೆಯತೊಡಗಿದಳು. ತನ್ನ ಹೆಸರು, ನೋಂದಣಿ ಸಂಖ್ಯೆ. ಸೆಪ್ಟೆಂಬರಿನ ಆ ಮಂಗಳವಾರ ತಾನು ಕೇಳದೆ ಬರೆದದ್ದು. ಮಣಿಪಾಲದ ತರಗತಿಯ ದಿನ ತಾನು ಆ ಸಭಾಂಗಣದಲ್ಲಿ ಇರಲಿಲ್ಲ, ಪ್ರಮಾಣಪತ್ರವನ್ನು ಹಿಂದಿರುಗಿಸುತ್ತೇನೆ, ಈ ವರ್ಷ ನವೀಕರಣಕ್ಕೆ ಅರ್ಜಿ ಹಾಕುವುದಿಲ್ಲ ಎಂಬುದು. ಎರ್ಮಾಳಿನ ಮನೆಯಲ್ಲಿ ತಾಯಿಗೆ ಇದನ್ನು ಹೇಗೆ ಹೇಳುವುದೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಆದರೂ ಅಕ್ಷರಗಳನ್ನು ಬಿಡಿಬಿಡಿಯಾಗಿ, ಯಾರಿಗಾದರೂ ಓದಲು ಬರುವ ಹಾಗೆ ಬರೆದಳು.

ಅಶ್ರಫ್ ಬಾಗಿಲ ಬಳಿ ನಿಂತೇ ಇದ್ದ. ಫೋನು ತೆಗೆದು ಆ ಫಾರ್ಮಿನ ಚಿತ್ರವನ್ನು ಒಮ್ಮೆ ನೋಡಿದ, ಕಿಸೆಗೆ ಹಾಕಿಕೊಂಡ. ಮಂಚದ ತುದಿಯಲ್ಲಿ ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದರು, ಅವರ ಬೆನ್ನು ಅಳುವಿನಿಂದ ಅಲುಗುತ್ತಿತ್ತು. ಅವನು ಎರಡು ಹೆಜ್ಜೆ ಮುಂದೆ ಬಂದ, ಮತ್ತೆ ನಿಂತ.

“ಉಮ್ಮಾ,” ಎಂದ ತಮ್ಮ ಮನೆಯ ಬ್ಯಾರಿ ಮಾತಿನಲ್ಲಿ, “ನನಗೆ ಊಟ ಬಡಿಸ್ತೀಯಾ?”