ಕಾಂತಪ್ಪನ ಕನ್ನಡಕಕ್ಕೆ ಹದಿನಾಲ್ಕು ಜನರ ಎಂಟಾಣೆ

ಅನಂತ ವಿಲಾಸದಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಸುದ್ದಿ ಮುಟ್ಟುತ್ತಿದ್ದದ್ದು ಬಡ್ಡಿಗೆ ಸಾಲ ಕೊಡುವವನಿಗೆ. ಅವನು ಸಂಜೆ ಬಂದು ಬಾಗಿಲ ಬಳಿ ಚಹಾ ಕುಡಿಯುತ್ತ ಕುಳಿತನೆಂದರೆ ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ.

ಅನಂತ ವಿಲಾಸವೆಂದರೆ ಪರೇಲಿನಲ್ಲಿ ಒಂದು ಮಿಲ್ಲಿನ ಗೇಟಿನೆದುರು ಮಂಗಳೂರು ಕಡೆಯವರು ನಡೆಸುತ್ತಿದ್ದ ಹೊಟೇಲು. ಕೆಲಸಗಾರರು ಹದಿನಾಲ್ಕು ಮಂದಿ. ಅಡುಗೆಮನೆಗೆ ಕಾಂತಪ್ಪನೇ ಯಜಮಾನ. ಇಪ್ಪತ್ತು ವರ್ಷ ಅದೇ ಒಲೆಯ ಮುಂದೆ ನಿಂತವನು. ಉಪ್ಪಿಗೆ ಅವನು ಚಮಚ ಮುಟ್ಟಿದವನಲ್ಲ, ಕೈಯಳತೆಯೇ ಅಳತೆ. ರುಚಿ ನೋಡುವುದೂ ಇಲ್ಲ. ರುಚಿ ನೋಡುವುದು ಹೊಸಬರ ಕೆಲಸ ಎಂದು ಅವನ ಅಭಿಪ್ರಾಯ.

೧೯೫೫ರ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಗಿರಾಕಿ ಕಡಿಮೆಯಿದ್ದ ಹೊತ್ತಿನಲ್ಲಿ, ಸಪ್ಲಾಯರ್ ದೂಜ ಒಂದು ತಗಡಿನ ಡಬ್ಬಿ ತಂದು ಅವನ ಮುಂದಿಟ್ಟ.

“ಕಾಂತಪ್ಪಣ್ಣ, ತಿಂಗಳಿಗೆ ಎಂಟಾಣೆ ಹಾಕಬೇಕು. ನಮ್ಮಲ್ಲಿ ಯಾರಿಗಾದ್ರೂ ಕಷ್ಟ ಬಂದ್ರೆ ಇದರಿಂದ ಕೊಡುವುದು. ಕಷ್ಟನಿಧಿ ಅಂತ ಹೆಸರು.”

“ಎಂತ ನಿಧಿ ಮಾರಾಯ! ಹಿಂದೆ ಒಬ್ಬ ಚೀಟಿ ಮಾಡ್ತೇನೆ ಅಂತ ನನ್ನ ಹತ್ತಿರ ಮೂವತ್ತು ರೂಪಾಯಿ ತಕೊಂಡ. ಗೋರೆಗಾಂವಿಗೆ ಹೋಗಿ ಈಗ ಬಂದೆ ಅಂದ. ಏಳು ವರ್ಷ ಆಯ್ತು, ಈಗಲೂ ಬರ್ತಾನೇ ಇದ್ದಾನೆ!”

ಮೂಲೆಯ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಸಿದ್ದರಾಮಪ್ಪನಿಗೆ ನಗು ಬಂತು. ಅವನು ಎದುರಿನ ಮಿಲ್ಲಿನ ಗುಮಾಸ್ತ, ಧಾರವಾಡದ ಕಡೆಯವನು. ಅವನ ಮಿಲ್ಲಿನ ಕೆಲಸಗಾರರು ಇಂಥದೇ ನಿಧಿಯನ್ನು ನಾಲ್ಕು ವರ್ಷದಿಂದ ನಡೆಸುತ್ತಿದ್ದರು.

“ಡಬ್ಬಿಗಿ ಎರಡು ಕೀಲಿ ಹಾಕ್ರಿ, ಕಾಂತಪ್ಪನವರ. ಕೀಲಿಕೈ ಇಬ್ಬರ ಕಡೆ ಇರಲಿ. ಒಬ್ಬಾಂವಗ ತಗೀಲಿಕ್ಕೆ ಬರಬಾರದು. ತಿಂಗಳಿಗೊಮ್ಮೆ ಎಷ್ಟು ಬಂತು, ಎಷ್ಟು ಹೋತು, ಎಲ್ಲಾರ ಮುಂದ ಗಟ್ಟಿಯಾಗಿ ಓದ್ರಿ. ಯಾರರೆ ಕೇಳಿದ್ರ ಮೂರು ಮಂದಿ ಕೂತು ವಿಚಾರ ಮಾಡ್ರಿ. ಕೇಳಿದವರ ಮನಿ ಮಾತು ಹೊರಗ ಹೋಗಬಾರದು. ಇಷ್ಟು ಮಾಡಿದ್ರ ಯಾರೂ ಗೋರೆಗಾಂವಿಗೆ ಹೋಗೂದಿಲ್ಲ ನೋಡ್ರಿ.”

“ಅದೆಲ್ಲ ಸರಿ. ನನಗೆ ಎಂತ ಕಷ್ಟ ಬರ್ತದೆ? ಎರಡು ಕೈ ಗಟ್ಟಿ ಉಂಟು.”

“ಭಾಳ ಚಲೋ ಆತು. ಹಂಗಾದ್ರ ನೀವು ಕೊಡಾವ್ರಾಗ ಇರ್ರಿ.”

ಕಾಂತಪ್ಪ ಗಡ್ಡ ಕೆರೆದುಕೊಂಡ. ಆಮೇಲೆ ಒಂದು ಕೀಲಿಕೈ ತನ್ನ ಬಳಿಯೇ ಇರಬೇಕು, ಮೂವರಲ್ಲಿ ತಾನೂ ಒಬ್ಬನಾಗಿರಬೇಕು ಎಂಬ ಷರತ್ತಿನ ಮೇಲೆ ಎಂಟಾಣೆ ಹಾಕಿದ. “ಕಷ್ಟಕ್ಕಲ್ಲ, ಕಳ್ಳನನ್ನು ಹಿಡಿಯಲಿಕ್ಕೆ ಸೇರಿದ್ದು” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಕಳ್ಳ ಸಿಗಲಿಲ್ಲ, ಸಿಕ್ಕಿದವನು ಐತ. ಪಾತ್ರೆ ತೊಳೆಯುವ ಐತನ ಕಾಲ್ಬೆರಳ ಸಂದುಗಳು ನೀರಿನಲ್ಲೇ ಇದ್ದು ಇದ್ದು ಹುಣ್ಣಾಗಿದ್ದವು. ಔಷಧಿಗೆ ಹನ್ನೆರಡು ರೂಪಾಯಿ ಬೇಕೆಂದು ಕೇಳಿದ. ಕಾಂತಪ್ಪ ವಕೀಲನ ಹಾಗೆ ಎದ್ದು ನಿಂತ.

“ಯಾವ ಡಾಕ್ಟರು? ಔಷಧಿ ಯಾವ ಬಣ್ಣ? ನೋವು ಎಡಗಾಲಿಗೆ ಜಾಸ್ತಿಯೋ ಬಲಗಾಲಿಗೋ? ರಾತ್ರಿ ತುರಿಸ್ತದಾ, ಹಗಲು ತುರಿಸ್ತದಾ?”

ಅರ್ಧ ಗಂಟೆಯಾದ ಮೇಲೆ ದುಡ್ಡು ಸಿಕ್ಕಿತು. “ಇನ್ನೂ ಐದು ನಿಮಿಷ ಕೇಳಿದ್ದರೆ ಕಾಲು ಹಾಗೇ ಗುಣ ಆಗ್ತಿತ್ತು” ಎಂದು ಐತ ದೂಜನ ಕಿವಿಯಲ್ಲಿ ಹೇಳಿ ಕುಂಟುತ್ತ ಹೋದ.

ಮಾರನೆಯ ವರ್ಷದ ಮಳೆಗಾಲದ ಹೊತ್ತಿಗೆ ಕಾಂತಪ್ಪನ ಕಣ್ಣು ಮಂಜಾಗತೊಡಗಿತು. ಅವನು ಯಾರಿಗೂ ಹೇಳಲಿಲ್ಲ. ಅವನ ಬಾಡಿಗೆ ಖೋಲಿ ಘಾಟ್ಕೋಪರಿನಲ್ಲಿ, ಸಾಲು ಕೋಣೆಗಳ ಒಂದು ಚಾಳಿನಲ್ಲಿತ್ತು. ಲೋಕಲ್ ರೈಲಿನ ಬೋರ್ಡು ಕಾಣದೆ, ಘಾಟ್ಕೋಪರಿನಲ್ಲಿ ನಿಲ್ಲದ ಗಾಡಿ ಹತ್ತಿ ವಾರಕ್ಕೆರಡು ಸಲ ಇನ್ನೂ ಮುಂದಿನ ಠಾಣೆ ಎಂಬ ಊರಿಗೆ ಹೋಗಿ ತಿರುಗಿ ಬರುತ್ತಿದ್ದ.

“ಇವತ್ತೂ ಯಾಕೆ ತಡ?” ಎಂದು ಹೆಂಡತಿ ಸೇವಂತಿ ಕೇಳಿದಳು.

“ಗಾಡಿಯಲ್ಲಿ ನಿದ್ದೆ ಬಂದು ಠಾಣೆಗೆ ಹೋಗಿಬಿಟ್ಟೆ. ಎಂತ ರಶ್ಶು ಅಂತಿ, ಕೂರಲಿಕ್ಕೂ ಜಾಗ ಇಲ್ಲ.”

“ಹಾಗಾದ್ರೆ ನಿಂತುಕೊಂಡೇ ನಿದ್ದೆ ಮಾಡಿದ್ರಾ?”

ಕಾಂತಪ್ಪ ಗಂಜಿಯ ಬಟ್ಟಲಿನೊಳಗೆ ಮುಖ ಹುದುಗಿಸಿದ.

ಒಂದು ಬೆಳಿಗ್ಗೆ ಗುಟ್ಟು ಬಯಲಿಗೆ ಬಂತು. ಪಾಳಿ ಮುಗಿಸಿ ಬಂದ ಮಿಲ್ಲಿನವರೆಲ್ಲ ಸಾಂಬಾರು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದರಾಮಪ್ಪ ಮೆಲ್ಲಗೆ ಕರೆದ.

“ದೂಜಣ್ಣ, ನಿಮ್ಮ ಕಡೆ ಸಾಂಬಾರು ಸ್ವಲ್ಪ ಸಿಹಿ ಅಂತ ಗೊತ್ತೈತ್ರಿ. ಆದ್ರ ಇದಕ್ಕ ನಾಕು ಎಳಿ ಶಾವಿಗಿ ಹಾಕಿದ್ರ ಪಾಯಸ ಆಗ್ತೈತಿ.”

ಪಕ್ಕದ ಮೇಜಿನವನು ಶಿರಾ ಉಗುಳಿದ. ಸಾಂಬಾರಿನ ಉಪ್ಪೆಲ್ಲ ಅದರಲ್ಲಿತ್ತು.

ಹೊಟೇಲಿನ ಧಣಿ ಗಲ್ಲಾದಿಂದ ಎದ್ದು ನೇರವಾಗಿ ಅಡುಗೆಮನೆಗೆ ಬಂದರು. “ಕಾಂತಪ್ಪ, ಇನ್ನೊಂದು ಸಲ ಹೀಗಾದ್ರೆ ನೀನು ಊರಿನ ದಾರಿ ಹಿಡಿ. ಬೇರೆ ಅಡುಗೆಯವನನ್ನು ನೋಡ್ತೇನೆ.”

ಕಾಂತಪ್ಪ ಸೌಟು ಹಿಡಿದುಕೊಂಡೇ ನಿಂತ. ಎರಡು ಕೈಯೂ ಗಟ್ಟಿಯಾಗಿಯೇ ಇದ್ದವು. ಆದರೂ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಹೆದರಿಕೆಯಾಯಿತು. ಈ ಒಲೆ ಬಿಟ್ಟರೆ ತನಗೆ ಬರುವ ಕೆಲಸ ಇನ್ನಾವುದು?

ಸುದ್ದಿ ಸಂಜೆಯೊಳಗೆ ಚಾಳು ಮುಟ್ಟಿತ್ತು. ಅವನು ಮನೆಗೆ ಬಂದು ಕೂರುತ್ತಲೇ ಸೇವಂತಿ ಎರಡು ಬಟ್ಟಲು ಮುಂದಿಟ್ಟಳು.

“ಉಪ್ಪು ಯಾವುದು, ಸಕ್ಕರೆ ಯಾವುದು, ಹೇಳಿ.”

ಕಾಂತಪ್ಪ ಬಗ್ಗಿ ನೋಡಿದ. ಹಿಂದೆ ಸರಿದು ನೋಡಿದ. ಕೊನೆಗೆ ಬೆರಳು ಮುಂದೆ ಮಾಡಿದ. ಅವಳು ಆ ಕೈಯನ್ನು ಹಿಡಿದುಕೊಂಡಳು.

“ನಾಲಗೆಯಲ್ಲಿ ಅಲ್ಲ. ಕಣ್ಣಲ್ಲಿ.”

ಅವನು ಬಟ್ಟಲುಗಳನ್ನು ಆಚೆ ಸರಿಸಿ, ಸಣ್ಣ ದನಿಯಲ್ಲಿ, “ಕಾಣುವುದಿಲ್ಲ ಸೇವಂತಿ” ಎಂದ.

ಮರುದಿನವೇ ಅವಳು ಅವನನ್ನು ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ದೊಡ್ಡ ರೋಗವೇನೂ ಇರಲಿಲ್ಲ. ದೂರಕ್ಕೂ ಹತ್ತಿರಕ್ಕೂ ಸೇರಿದ ಒಂದು ಕನ್ನಡಕ ಬೇಕು, ಇಪ್ಪತ್ತೆಂಟು ರೂಪಾಯಿ ಆಗುತ್ತದೆ ಎಂದರು ಡಾಕ್ಟರು. ಮನೆಯಲ್ಲಿದ್ದದ್ದು ಖೋಲಿಯ ಬಾಡಿಗೆ ಮಾತ್ರ.

“ಡಬ್ಬಿಯಿಂದ ಕೇಳಿ” ಎಂದಳು ಸೇವಂತಿ.

“ಬೀಗದ ಕೈ ಇಟ್ಟುಕೊಂಡವ ನಾನು. ನಾನೇ ಕೈ ಚಾಚುವುದಾ? ಭಿಕ್ಷೆ ಬೇಡಿದ ಹಾಗೆ ಆಗ್ತದೆ.”

“ಐತ ಕೇಳಿದ್ದು ಭಿಕ್ಷೆಯಾ?”

“ಅಲ್ಲ ಮಾರಾಯ್ತಿ, ಅವನಿಗೆ ನಿಜವಾಗಿ ಕಾಲು ನೋವಿತ್ತು.”

“ನಿಮಗೆ ಸುಳ್ಳು ಕಣ್ಣು ನೋವಾ? ದಿನಾ ದೋಸೆ ಹೊಯ್ಯುವವ ಹಸಿವಾದಾಗ ಒಂದು ದೋಸೆ ತಿಂದ್ರೆ ಅದು ಭಿಕ್ಷೆ ಅಂತ ಎಲ್ಲಿ ಬರೆದಿದೆ?”

ಮಾರನೆಯ ದಿನ ಕಾಂತಪ್ಪ ದೂಜನನ್ನು ಅಕ್ಕಿ ಮೂಟೆಗಳ ಹಿಂದೆ ಕರೆದು ವಿಷಯ ಹೇಳಿದ. ದೂಜ ನಗಲಿಲ್ಲ. “ಕೇಳಿದ್ದು ಒಳ್ಳೆದಾಯ್ತು ಕಾಂತಪ್ಪಣ್ಣ. ಆದ್ರೆ ನಿಮ್ಮ ವಿಚಾರಕ್ಕೆ ನೀವೇ ಕೂರುವ ಹಾಗಿಲ್ಲ. ನಿಮ್ಮ ಜಾಗದಲ್ಲಿ ಇವತ್ತು ಐತ ಕೂರ್ತಾನೆ.”

ಅಂದಿನ ಪ್ರಶ್ನೆಗಳನ್ನು ಐತ ಬಡ್ಡಿ ಸಮೇತ ತೀರಿಸುತ್ತಾನೆ ಎಂದು ಕಾಂತಪ್ಪನಿಗೆ ಖಾತ್ರಿಯಾಯಿತು. ಡಾಕ್ಟರ ಹೆಸರು, ಅವರ ಬೀದಿ, ಕನ್ನಡಕದ ಬಣ್ಣ, ಯಾವ ಕಣ್ಣು ಎಷ್ಟು ಮಂಜು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ ಕೈಕಟ್ಟಿ ನಿಂತ.

ಐತ ಅವನನ್ನು ಮೇಲಿಂದ ಕೆಳಗೆ ನೋಡಿದ. ಒಂದೇ ಪ್ರಶ್ನೆ ಕೇಳಿದ.

“ಇವತ್ತೇ ಹೋಗ್ತೀರಾ ಕಾಂತಪ್ಪಣ್ಣ, ನಾಳೆ ಹೋಗ್ತೀರಾ?”

ಬಾಯಿಪಾಠವೆಲ್ಲ ದಂಡವಾಯಿತು. ದೂಜ ತನ್ನ ಬೀಗ ತೆಗೆದ ಮೇಲೆ ಕಾಂತಪ್ಪ ತನ್ನದನ್ನು ತೆಗೆಯಲು ಬಗ್ಗಿದ. ಬೀಗದ ತೂತು ಕಾಣಲಿಲ್ಲ. ಐತ ಅವನ ಕೈ ಹಿಡಿದು ಕೀಲಿಕೈಯನ್ನು ಒಳಗೆ ಸೇರಿಸಿದ.

“ತಿಂಗಳಿಗೆ ಎಷ್ಟು ಹಿಂದೆ ಕೊಡಬೇಕು?” ಎಂದು ಕಾಂತಪ್ಪ ಕೇಳಿದ.

“ಔಷಧಿಗೆ, ಕಣ್ಣಿಗೆ ಕೊಟ್ಟದ್ದು ಸಾಲ ಅಲ್ಲ” ಎಂದ ದೂಜ. “ನಿಮ್ಮ ಎಂಟಾಣೆ ತಪ್ಪದೆ ಹಾಕಿ. ಸಾಕು.”

ಕನ್ನಡಕ ಏರಿಸಿಕೊಂಡು ಮನೆಗೆ ಬಂದ ಕಾಂತಪ್ಪ ಹೆಂಡತಿಯನ್ನು ನೋಡಿ ಬಾಗಿಲಲ್ಲೇ ನಿಂತ.

“ನಿನ್ನ ಕೂದಲು ಯಾವಾಗ ಬೆಳ್ಳಗಾದದ್ದು?”

“ನೀವು ಠಾಣೆಗೆ ಹೋಗಿದ್ದಾಗ” ಎಂದಳು ಸೇವಂತಿ.

ಆ ತಿಂಗಳ ಲೆಕ್ಕ ಓದುವಾಗ ದೂಜ ನಿಯಮದಂತೆ “ಒಬ್ಬರಿಗೆ ಕಣ್ಣಿನ ಚಿಕಿತ್ಸೆಗೆ ಇಪ್ಪತ್ತೆಂಟು” ಎಂದು ಹೆಸರಿಲ್ಲದೆ ಓದಿದ. ಕಾಂತಪ್ಪ ಎದ್ದು ನಿಂತು, “ಆ ಒಬ್ಬ ನಾನೇ. ಹೆಸರು ಹಾಕಿಯೇ ಓದು, ನನಗೆಂತ ನಾಚಿಕೆ?” ಎಂದ. ಮರುವಾರ ಬೀದಿಯ ಆಚೆ ಬದಿಯ ಹೊಟೇಲಿನ ಅಡುಗೆಯವನನ್ನು, ಅಲ್ಲಿಯೂ ಇಂಥದೇ ಡಬ್ಬಿ ಇಡಿಸಲು, ತಾನೇ ಹುಡುಕಿಕೊಂಡು ಹೋದ. ಅವನು, “ನನಗೆ ಎಂತ ಕಷ್ಟ ಬರ್ತದೆ?” ಎಂದಾಗ ಕಾಂತಪ್ಪ ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕುಳಿತ. ಅವನು ಹ್ಞೂಂ ಅನ್ನುವವರೆಗೆ ಏಳಲಿಲ್ಲ.

ಕೆಲಸ ಮಾಡುವ ಅಕ್ಕ ಅಣ್ಣಂದಿರೇ, ನಿಮ್ಮ ಹೊಟೇಲಿನಲ್ಲಿ, ಮಿಲ್ಲಿನಲ್ಲಿ, ಆಫೀಸಿನಲ್ಲಿ ಎಷ್ಟು ಮಂದಿ ಇದ್ದೀರಿ? ಹತ್ತು ಮಂದಿಯಿದ್ದರೂ ಸಾಕು. ಈ ಪಗಾರದ ದಿನವೇ ಒಂದು ಡಬ್ಬಿ ಇಡಿ. ಇಬ್ಬರ ಕೈಗೆ ಒಂದೊಂದು ಕೀಲಿಕೈ ಕೊಡಿ, ಲೆಕ್ಕವನ್ನು ಎಲ್ಲರೆದುರು ಓದಿ, ಕೇಳಿದವರ ಮಾನ ಕಾಯಿರಿ. ಕೈ ಗಟ್ಟಿಯಿದ್ದಾಗ ಹಾಕಿ. ಕಷ್ಟ ಬಂದಾಗ ಸಾಲದವನ ಬಾಗಿಲಿಗೆ ಹೋಗಬೇಡಿ, ಪಕ್ಕದಲ್ಲಿ ಕೆಲಸ ಮಾಡುವವನ ಹತ್ತಿರ ಬಾಯಿ ಬಿಟ್ಟು ಹೇಳಿ. ಅವನು ನಿಮ್ಮಿಂದ ಆ ಮಾತು ಬರಲಿ ಎಂದೇ ಕಾಯುತ್ತಿರಬಹುದು.