ಅಣ್ಣನ ಕೈ

“ಏ ಕೈ, ಎಲ್ಲಿ ಸತ್ತಿದ್ಯೋ? ಇಡೀ ಸೆಟ್ಟು ನಿನಗೋಸ್ಕರ ಕಾಯ್ಬೇಕೇನೋ, ಬೋಳಿಮಗನೆ?”

ಡೈರೆಕ್ಟರು ಕರೆದದ್ದು ನನ್ನನ್ನೇ. ಈ ಸಿನಿಮಾದ ಕಥೆ, ಚಿತ್ರಕಥೆ, ಮಾತು ಎಲ್ಲ ಬರೆದವನು ನಾನು. ಹೀರೋನ ಅಕ್ಷರ ಕೋಳಿ ಕೆದರಿದ ಹಾಗಿರುವುದರಿಂದ ಅವನು ಬರೆಯುವ ಶಾಟುಗಳಲ್ಲೆಲ್ಲ ನನ್ನ ಕೈಯನ್ನೇ ತೋರಿಸುತ್ತಿದ್ದರು. ಹಾಗೆ ಹನ್ನೊಂದು ಸೀನು ಮುಗಿಯುವಷ್ಟರಲ್ಲಿ ನನ್ನ ಹೆಸರೇ ಕೈ ಎಂದಾಗಿತ್ತು. ಕೈಗೆ ಟೀ ಕೊಟ್ರಾ ಎಂದು ಕೇಳಿಕೊಂಡು ನಗುತ್ತಿದ್ದರು.

ಮೇಕಪ್‌ನವನು ನನ್ನ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ಸ್ಪಂಜಿನಲ್ಲಿ ಗೋಧಿ ಬಣ್ಣ ಬಳಿಯತೊಡಗಿದ.

“ಎಷ್ಟು ಬಳದ್ರೂ ಕಪ್ಪು ಇಣುಕ್ತಾ ಇದೆ ಮಾರಾಯ. ಇದು ಅಣ್ಣನ ಕೈ ಅಂದ್ರೆ ಯಾವನು ನಂಬ್ತಾನೆ? ಉಗುರಲ್ಲಿರೋದು ಏನು, ವಂಶದ ಕೊಳೇನಾ?”

“ಹೌದು. ವಂಶದ್ದೇ.”

ಅಣ್ಣ ಎಂದರೆ ಹೀರೋ. ಹೆತ್ತವಳೊಬ್ಬಳನ್ನು ಬಿಟ್ಟು ಎಲ್ಲರೂ ಅವನನ್ನು ಹಾಗೇ ಕರೆಯುವುದು.

ಎದುರಿಗೆ ಪ್ಲೈವುಡ್ ಗೋಡೆಗಳ ನಡುವೆ ಮೋರಿ. ನೀರಿಗೆ ಕಾಫಿಪುಡಿ, ಸಕ್ಕರೆ, ಮೈದಾ ಕದಡಿ ಮಾಡಿದ್ದು. ಇಪ್ಪತ್ತು ದಿನ ದೀಪಗಳ ಕಾವಿಗೆ ಹುಳಿತು, ಹಸಿರು ಕೆನೆ ಕಟ್ಟಿ, ನೊಣ ಮುತ್ತಿ, ಈಗ ಅಸಲಿ ಮೋರಿಯೇ ವಾಸಿ ಅನ್ನುವಷ್ಟು ನಾರುತ್ತಿತ್ತು. ಅಣ್ಣ ಅದಕ್ಕೆ ಮೊದಲ ದಿನವೂ ಇಳಿದಿರಲಿಲ್ಲ. ಕಾಲು ಡೂಪಿನದು. ಕೈ ನನ್ನದು. ಮಾತು ನಮ್ಮಪ್ಪನದು.

ಕೊನೆಯ ಶಾಟು ಇವತ್ತು: ಮೋರಿ ಬಳಿಯುವವನು ಅಲ್ಲೇ ಪಕ್ಕದಲ್ಲಿ ಕೂತು ಮುನ್ಸಿಪಾಲಿಟಿ ಸಾಹೇಬರಿಗೆ ಕಾಗದ ಬರೆಯುವುದು. ಆ ಕಾಗದವೂ ಅಪ್ಪನದೇ. ಅಪ್ಪ ಬರಿಗೈಯಲ್ಲಿ ಮೋರಿ ಬಳಿಯುತ್ತಿದ್ದ. ಅಕ್ಷರ ಬರುತ್ತಿರಲಿಲ್ಲ, ಅವನು ಹೇಳುತ್ತಿದ್ದ, ಎರಡನೇ ಕ್ಲಾಸಿನ ನಾನು ಬರೆಯುತ್ತಿದ್ದೆ. ‘ಸ್ವಾಮೀ, ಒಂದು ಜೊತೆ ಗ್ಲೌಸ್ ಕೊಡಿಸಿ. ಈ ಕೈಲಿ ತುತ್ತು ಕೊಟ್ಟರೆ ನನ್ನ ಮಗು ಮುಖ ತಿರುಗಿಸ್ತದೆ.’ ಆ ಮಗು ನಾನೇ. ತಲೆ ತಗ್ಗಿಸಿಕೊಂಡು ಆ ಸಾಲು ಬರೆದವನೂ ನಾನೇ. ವರ್ಷಕ್ಕೊಂದರಂತೆ ಒಂಬತ್ತು ವರ್ಷ ಬರೆದೆ. ಹತ್ತನೆಯದು ಬರೆಯುವ ಮುಂಚೆ ಅಪ್ಪ ಬೆರಳು ಕೊಳೆತು, ನಂಜೇರಿ, ಹೋಗಿಬಿಟ್ಟ.

ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದ್ದಳು.

“ಅಪ್ಪಾ, ಪರದೆ ಮೇಲೆ ನಿನ್ನ ಹೆಸರು ಹಿಂದಿನ ಸೀಟಲ್ಲಿ ಕೂತೋರಿಗೂ ಕಾಣತ್ತಾ? ಕ್ಲಾಸಿಗೆಲ್ಲ ಹೇಳ್ಬಿಟ್ಟಿದೀನಿ.”

“ಕಾಣತ್ತೆ ಪುಟ್ಟಾ. ಅಲ್ಲಾಡಬೇಡ.”

“ತಾತನ ಹೆಸರು?”

“ಅದೂ.”

ಎರಡು ಹೆಸರೂ ಹಾಕುತ್ತೇನೆಂದು ಡೈರೆಕ್ಟರು ತಮ್ಮ ತಾಯಾಣೆ ಇಟ್ಟು ಹೇಳಿದ್ದರು. ಈಗ ಬಣ್ಣ ಒಣಗಲೆಂದು ಕೈ ಚಾಚಿ ಕೂತಿದ್ದಾಗ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದರು. ಕಥೆ, ಚಿತ್ರಕಥೆ, ಸಂಭಾಷಣೆ ಎಂದಿರುವ ಕಡೆ ಅಣ್ಣನ ಹೆಸರಿತ್ತು.

“ಸಾರ್, ಇದೇನಿದು?”

“ಯಾಕಯ್ಯಾ, ಬರೆಯಕ್ಕೆ ಮಾತ್ರ ಬರೋದಾ, ಓದಕ್ಕೆ ಬರಲ್ವಾ?” ಡೈರೆಕ್ಟರು ಹೆಗಲ ಮೇಲೆ ಕೈಹಾಕಲು ಬಂದು, ಬಣ್ಣ ನೋಡಿ ಹಿಂದಕ್ಕೆಳೆದುಕೊಂಡರು. “ಜನ ಬರೋದು ಅಣ್ಣನ ಮುಖ ನೋಡಕ್ಕೆ ಕಣೋ. ನಿನ್ನ ಹೆಸರಿಗೆ ನಿನ್ನ ಹೆಂಡ್ತಿನೂ ಬರಲ್ಲ. ಕೊನೇಲಿ ಥ್ಯಾಂಕ್ಸ್ ಅಂತ ಹಾಕ್ತೀವಲ್ಲ, ಜನರೇಟರ್‌ನೋರು, ನೀರಿನ ಟ್ಯಾಂಕರ್‌ನೋರು, ಅವರ ಮಧ್ಯೆ ತೂರಿಸ್ತೀನಿ ಬಿಡು.”

“ಅಷ್ಟೊತ್ತಿಗೆ ಜನ ಚಪ್ಪಲಿ ಹುಡುಕ್ತಾ ಇರ್ತಾರೆ ಸಾರ್.”

ಅಣ್ಣ ಸೆಂಟು ಹಾಕಿದ ಕರ್ಚೀಫು ಮೂಗಿನಿಂದ ತೆಗೆಯದೆ ಕುರ್ಚಿಯಿಂದಲೇ ಹೇಳಿದ: “ನಾನು ಬಾಯಿ ತೆರೆಯೋವರೆಗೂ ನಿನ್ನ ಮಾತು ಹೆಣ ಕಣೋ. ಜೀವ ಕೊಟ್ಟಿದ್ದು ನಾನು. ಆ ಕಾಗದದ ಸೀನಿಗೆ ಅಂತ ಎರಡು ದಿನ ಊಟ ಬಿಟ್ಟಿದ್ದೆ, ಗೊತ್ತಾ?”

“ನಮ್ಮಪ್ಪ ಪ್ರಾಣಾನೇ ಬಿಟ್ಟ ಅಣ್ಣಾ.”

“ನೋಡಿದ್ರಾ, ಹೆಂಗೆ ಹೊಡೀತಾನೆ ಡೈಲಾಗು,” ಅಣ್ಣ ತೊಡೆ ತಟ್ಟಿಕೊಂಡು ನಕ್ಕ. “ಬರ್ಕೊಳ್ರೋ ಯಾರಾದ್ರೂ. ಮುಂದಿನ ಪಿಚ್ಚರಿಗಾಗತ್ತೆ.”

ಎಲ್ಲರೂ ನಕ್ಕರು. ಒಬ್ಬ ನಿಜಕ್ಕೂ ಬರೆದುಕೊಂಡ.

ನಾನು ಎದ್ದು ಹೋಗಿ ಮೋರಿಯ ಅಂಚಿನಲ್ಲಿ ಮಂಡಿಯೂರಿದೆ. ಬಣ್ಣ ಬಳಿದ ಕೈಯನ್ನು ಮೊಣಕೈವರೆಗೂ ಒಳಗೆ ಇಳಿಬಿಟ್ಟೆ. ಕೆನೆ ಒಡೆಯಿತು. ನೊಣಗಳೆದ್ದು ನನ್ನ ತುಟಿಗೆ ಮುತ್ತಿದವು. ನೀರು ಬೆಚ್ಚಗೆ, ಲೋಳೆಲೋಳೆಯಾಗಿತ್ತು.

“ಥೂ. ಏನೋ ಇದು ಅಸಹ್ಯ? ತೆಗಿಯೋ ಕೈ,” ಡೈರೆಕ್ಟರು ಕೂಗಿದರು.

“ಹೆಸರು ಹಾಕಿ ಸಾರ್. ನಮ್ಮಪ್ಪಂದೂ. ತೆಗೀತೀನಿ.”

“ಒದ್ದು ಓಡಿಸ್ರೋ ಈ ಸೂಳೆಮಗನ್ನ. ಇನ್ಯಾವನಾದ್ರೂ ಬರೀತಾನೆ.”

ಅಸಿಸ್ಟೆಂಟು ಡೈರೆಕ್ಟರ ಕಿವಿಯ ಹತ್ತಿರ ಹೋಗಿ ಹೇಳಿದ್ದು ನನಗೂ ಕೇಳಿಸಿತು: “ಸಾರ್, ಹನ್ನೊಂದು ಸೀನಲ್ಲೂ ಇವನದೇ ಅಕ್ಷರ ಇದೆ. ಸಂಜೆ ಸೆಟ್ ಬೇರೆ ಬಿಚ್ತಾರೆ.”

“ಹಂಗಾದ್ರೆ ಕೈ ಹಿಡಿದು ಎಳೀರೋ. ಏನ್ ನಿಂತ್ಕೊಂಡು ನೋಡ್ತಿದೀರ?”

ಲೈಟಿನವರು ಕೈಗಳನ್ನು ಜೇಬಿಗಿಳಿಸಿದರು. ಒಬ್ಬ ಮಾತ್ರ ಹೇಳಿದ, “ನಾವು ಲೈಟ್ ಹಿಡಿಯೋರು ಸಾರ್.” ಮೇಕಪ್‌ನವನು ಟವೆಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಅಣ್ಣಾ, ನೀವೇ ಬನ್ನಿ,” ಎಂದೆ. “ನಿಮ್ಮ ಕೈ ತಾನೆ.”

ಅಣ್ಣ ಕುರ್ಚಿ ಸಮೇತ ಹಿಂದಕ್ಕೆ ಸರಿದ.

“ಯಾರಾದ್ರೂ ಗ್ಲೌಸ್ ತನ್ರೋ,” ಡೈರೆಕ್ಟರು ಕಿರುಚಿದರು.

ತಂದರು. ರಬ್ಬರಿನವು, ಮೊಣಕೈ ಮುಟ್ಟುವಷ್ಟು ಉದ್ದ, ಹೊಚ್ಚಹೊಸವು; ಪ್ಲಾಸ್ಟಿಕ್ ಚೀಲವನ್ನು ಅಲ್ಲೇ ಹಲ್ಲಿನಿಂದ ಹರಿದರು. ಎರಡು ನಿಮಿಷವೂ ಆಗಿರಲಿಲ್ಲ.

ನಾನು ಇನ್ನೊಂದು ಕೈಯನ್ನೂ ಇಳಿಬಿಟ್ಟೆ.