ಎರಡು ಮೈಕಿನ ಸೋಬಾನೆ

ನಟರಾಜು ಕೊಳ್ಳೇಗಾಲದ ಮನೆಗೆ ಹೋಂ ಥಿಯೇಟರ್ ತಂದ ದಿನ ಐದು ಸ್ಪೀಕರುಗಳಿಗೆ ಜಾಗ ಹುಡುಕುವುದೇ ಒಂದು ಸಾಹಸವಾಯಿತು. ಟೀವಿಯ ಆಚೆ ಈಚೆ ಎರಡು, ನಡುವೆ ಒಂದು, ಫ್ರಿಜ್ಜಿನ ಮೇಲೊಂದು, ರಾಗಿ ಡ್ರಮ್ಮಿನ ಮೇಲೊಂದು.

ಅವನ ಹೆಂಡತಿ ಯಶೋದಳಿಗೆ ಅದರಲ್ಲಿ ಕೇಳಬೇಕಾಗಿದ್ದದ್ದು ಒಂದೇ ಹಾಡು. ಕೌದಳ್ಳಿಯಲ್ಲಿ ತಮ್ಮನ ಮದುವೆಯ ದಿನ ತನ್ನ ಅವ್ವ ಚಿಕ್ಕಬಸಮ್ಮನ ಜೊತೆ ತಾನು ಹೇಳಿದ್ದ ಸೋಬಾನೆ. ಅವ್ವ ಒಂದು ಸಾಲು ಹೇಳಬೇಕು, ಅದೇ ಸಾಲನ್ನು ಯಶೋದ ತಿರುಗಿ ಹೇಳಬೇಕು. ಆ ವರ್ಷವೇ ಅವಳು ಮೊದಲ ಕೂಸನ್ನು ಕಳೆದುಕೊಂಡಿದ್ದಳು. ಹಸೆಯ ಮೇಲೆ ಕೂತವರಿಗೆ ಮಕ್ಕಳಾಗಲೆಂದು ಹರಸುವ ಸಾಲು ಬಂದಾಗ ಹಾಡು ಬಿಟ್ಟು ಅತ್ತುಬಿಟ್ಟಳು. ಮನೆಯಲ್ಲಿದ್ದದ್ದು ನಕಲು ಮಾಡಿಸಿದ ಹಳೇ ಕ್ಯಾಸೆಟ್ಟು, ಸಣ್ಣ ದನಿಯೆಲ್ಲ ಗೊರಗೊರ ಸದ್ದಿನಲ್ಲಿ ಮುಳುಗಿಹೋಗಿತ್ತು. ಆ ಜಾಗಕ್ಕೆ ಬಂದರೆ ಅವಳ ದನಿಯೇ ಇಲ್ಲ, ಬರೀ ಅವ್ವನದು. ಶುಭದ ಹೊತ್ತಿನಲ್ಲಿ ಅತ್ತ ಮಗಳನ್ನು ಅವ್ವ ತನ್ನ ದನಿಯಿಂದ ಮುಚ್ಚಿಹಾಕಿದಳು ಎಂದೇ ಯಶೋದ ತಿಳಿದಿದ್ದಳು. ಕೇಳಲು ಬಾಯಿ ಬರಲಿಲ್ಲ. ಅವ್ವ ಹೋಗಿಯೂ ಆರು ವರ್ಷವಾಯಿತು.

ಈಗ, ಅಂದು ಆ ಹಾಡನ್ನು ರೆಕಾರ್ಡ್ ಮಾಡಿದ್ದ ಮೈಕ್‌ಸೆಟ್ಟಿನ ಶಿವನಂಜಯ್ಯ, ತನ್ನ ಹತ್ತಿರವಿದ್ದ ಮೂಲ ಕ್ಯಾಸೆಟ್ಟನ್ನು ಹನೂರಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿ ತಾನೇ ತಂದಿದ್ದ.

ಹಾಡು ಶುರುವಾಯಿತು. ಅವ್ವನ ದನಿ ಫ್ರಿಜ್ಜಿನ ಮೇಲಿಂದಲೂ ಬಂತು, ರಾಗಿ ಡ್ರಮ್ಮಿನ ಮೇಲಿಂದಲೂ ಬಂತು.

"ಸುತ್ತಲೂ ಬತ್ತದೆ ನೋಡು! ಮದ್ವೆಮನೆ ಒಳ್ಗೇ ಕೂತಂಗದೆ," ಎಂದ ನಟರಾಜು.

"ಬಾವಿ ಒಳ್ಗೆ ಕೂತಂಗದೆ ಕಣ್ರಿ," ಎಂದಳು ಯಶೋದ.

ಶಿವನಂಜಯ್ಯ ನಕ್ಕ. "ಅವತ್ತು ನಾ ಇಟ್ಟಿದ್ದು ಎರ್ಡೇ ಮೈಕು. ಅವ್ವನ ಮುಂದೊಂದು, ಮಗಳ ಮುಂದೊಂದು. ಎರಡು ಬಾಯ್ನ ಐದು ಮಾಡುದ್ರೆ ಗಂಜಿ ಆಯ್ತದೆ ಕಣಪ್ಪ. ಸ್ಟೀರಿಯೊಗೆ ಹಾಕು."

"ಮಿಕ್ಕ ಮೂರು ಸುಮ್ನೆ ಕೂತ್ಕಬೇಕಾ?"

"ಮದ್ವೆಗೆ ಬಂದೋರೆಲ್ಲ ಪದ ಯೋಳ್ತಾರಾ? ಕೂತ್ಕಂಡು ಕೇಳ್ಲಿ ಬುಡು."

ನಟರಾಜು ಮುಖ ಸಣ್ಣದು ಮಾಡಿಕೊಂಡೇ ರಿಮೋಟು ಒತ್ತಿದ. ಸದ್ದು ಚಿಕ್ಕದಾಯಿತು, ಆದರೆ ತಿಳಿಯಾಯಿತು. ಎಡಗಡೆ ಅವ್ವ, ಬಲಗಡೆ ಇಪ್ಪತ್ತಾರರ ಯಶೋದ. ನಡುವೆ ಒಬ್ಬರು ಕೂರುವಷ್ಟು ಜಾಗ.

ಹರಸುವ ಸಾಲು ಬಂತು. ಬಲಗಡೆ ಬರೀ ಬಿಕ್ಕು. ಎಡಗಡೆಯಿಂದ, ಪಿಸುದನಿಯಲ್ಲಿ, "ಯೋಳು ಕೂಸು, ನಾ ಇವ್ನಿ."

ಯಶೋದ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವ್ವ ಮಗಳ ಸಾಲನ್ನು ತಾನೇ ಎತ್ತಿಕೊಂಡಳು, ನಿಧಾನವಾಗಿ, ಒಂದೊಂದೇ ಪದ, ಕೂಸಿಗೆ ತುತ್ತು ಕೊಟ್ಟ ಹಾಗೆ. ಮೂರನೆಯ ಪದಕ್ಕೆ ಬಲಗಡೆ ನಡುಗುವ ದನಿಯೊಂದು ಬಂದು ಸೇರಿತು. ಸೇರಿದ ಕೂಡಲೇ ಎಡಗಡೆ ನಿಂತುಹೋಯಿತು. ಕೊನೆಯ ಪದವನ್ನು ಯಶೋದ ಒಬ್ಬಳೇ ಹೇಳಿ ಮುಗಿಸಿದ್ದಳು. ಅವ್ವ ಬಿಟ್ಟುಕೊಟ್ಟಿದ್ದಳು. ಅಂದಿನ ಅಳುವಿನಲ್ಲಿ ಅದು ಅವಳ ಅರಿವಿಗೇ ಬಂದಿರಲಿಲ್ಲ.

ಮುಚ್ಚಿದ್ದಲ್ಲ. ಹೊತ್ತುಕೊಂಡು ದಾಟಿಸಿ, ಆಚೆ ದಡದಲ್ಲಿ ಇಳಿಸಿದ್ದು.

ಹಾಡು ಮುಗಿಯಿತು. ನಟರಾಜು ಮೆಲ್ಲಗೆ ಎದ್ದು ಹಿಂದಿನ ಎರಡು ಸ್ಪೀಕರುಗಳ ವೈರು ಕಿತ್ತು ಸುತ್ತತೊಡಗಿದ. ಅವನ ಬಗ್ಗೆಯೂ ಯಶೋದಳ ಎದೆ ತುಂಬಿ ಬಂತು.

"ಬತ್ತೀನಿ ಕಣವ್ವ, ಬಸ್ಸದೆ," ಎಂದು ಶಿವನಂಜಯ್ಯ ಚಪ್ಪಲಿ ಹುಡುಕಿದ.

"ಬಸ್ಸು ಇನ್ನೊಂದು ಬತ್ತದೆ ಕಣಣ್ಣ," ಎಂದು ಅವಳು ಕಣ್ಣೊರೆಸಿಕೊಂಡು ಒಲೆ ಹಚ್ಚಲು ಎದ್ದಳು. "ಉಂಡ್ಕಂಡೇ ಓಗ್ಬೇಕು ನೀನು."